ಹುರಳಿ ಬೇಯದಿದ್ದರೆ ತಪ್ಪು ಒಲೆಯದ್ದಲ್ಲ: ಚಳಿಗಾಲದ ಗಟ್ಟಿ ಸಾರಿನ ಒಳಗುಟ್ಟು

ಎಳ್ಳ ಅಮಾವಾಸ್ಯೆ ಹತ್ತಿರ ಬಂತೆಂದರೆ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಚಳಿ ಬಲಿಯುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರುಗಳಿವು. ಡಿಸೆಂಬರ್, ಜನವರಿಯ ನಸುಕಿನಲ್ಲಿ ಅದು 15 ಡಿಗ್ರಿಯ ಆಸುಪಾಸಿಗೆ ಇಳಿದರೆ ಇಲ್ಲಿಯವರಿಗೆ ಅದೇ ದೊಡ್ಡ ಥಂಡಿ. ಆಗ ತಿಳಿಸಾರು ಯಾರಿಗೂ ಬೇಡ. ರೊಟ್ಟಿ ಮುರಿದು ಅದ್ದಿದರೆ ಅಂಟಿಕೊಂಡು ಬರುವಂಥ, ಒಂದು ಬಟ್ಟಲಿಗೇ ಹೊಟ್ಟೆ ತುಂಬುವಂಥ ಸಾರು ಬೇಕು. ಸಂತೆಯಲ್ಲಿ ಹಸಿ ತೊಗರಿಕಾಯಿ, ಗಜ್ಜರಿ, ಮೆಂತ್ಯ ಸೊಪ್ಪು ರಾಶಿ ಬಿದ್ದಿರುತ್ತದೆ. ಹೊಸ ಹುರಳಿ ಬರುವ ಹೊತ್ತೂ ಇದೇ.

ಆದರೆ ಹುರಳಿ ಸಾರಿನ ಬಗ್ಗೆ ಕೇಳಿಬರುವ ದೂರುಗಳು ಪ್ರತಿ ವರ್ಷವೂ ಒಂದೇ. ಎಂಟು ಸೀಟಿ ಹೊಡೆಸಿದರೂ ಕಾಳು ಹಲ್ಲಿಗೆ ಕಲ್ಲಿನಂತೆ ಸಿಗುತ್ತದೆ. ನೀರೇ ಬೇರೆ, ಕಾಳೇ ಬೇರೆಯಾಗಿ ನಿಲ್ಲುತ್ತದೆ. ತರಕಾರಿ ಕರಗಿ ಹೋಗುತ್ತದೆ, ಕಾಳು ಮಾತ್ರ ಹಾಗೇ ಉಳಿಯುತ್ತದೆ. ಇವುಗಳಲ್ಲಿ ಬಹುಪಾಲು ಉರಿ ಕಡಿಮೆಯಾಗಿ ಆಗುವ ತಪ್ಪಲ್ಲ. ಯಾವ ನೀರಿನಲ್ಲಿ ಬೇಯಿಸಿದ್ದೀರಿ, ಯಾವ ಪದಾರ್ಥ ಯಾವಾಗ ಪಾತ್ರೆಗೆ ಬಿತ್ತು ಎನ್ನುವುದರಲ್ಲಿ ಆಗುವ ತಪ್ಪು.

ಗಟ್ಟಿ ಸಾರು ಅಂದರೆ

ಇಲ್ಲಿ ಹೇಳುತ್ತಿರುವುದು ಕಾಳು, ತರಕಾರಿ, ಸೊಪ್ಪು ಒಂದೇ ಪಾತ್ರೆಯಲ್ಲಿ ನಿಧಾನವಾಗಿ ಬೆಂದು, ಕಾಳಿನ ಹಿಟ್ಟಿನಂಶದಿಂದಲೇ ಮಂದವಾಗುವ ಸಾರಿನ ಬಗ್ಗೆ. ಪಲ್ಯದಷ್ಟು ಗಟ್ಟಿಯಲ್ಲ, ಬೇಳೆಸಾರಿನಷ್ಟು ತೆಳುವೂ ಅಲ್ಲ. ಸೌಟಿನಿಂದ ಸುರಿದರೆ ಧಾರೆ ಕಟ್ಟದೆ ದಪ್ಪಗೆ ಜಾರಬೇಕು. ಎಳ್ಳ ಅಮಾವಾಸ್ಯೆಗೆ ಕಲಬುರಗಿ, ಬೀದರ್ ಕಡೆ ಮಾಡುವ ಭಜ್ಜಿಯೂ ಇದೇ ಬಳಗದ್ದು. ಅದರಲ್ಲಿ ಹಸಿ ಕಾಳು, ಸೊಪ್ಪುಗಳೇ ಮುಂದು, ಮಂದ ಬರಲು ಕಡಲೆಹಿಟ್ಟು. ನಮ್ಮ ಸಾರಿಗೆ ಬುನಾದಿ ಒಣ ಹುರಳಿ, ಮಂದಕ್ಕೆ ಜೋಳದ ಹಿಟ್ಟು.

ಹುರಳಿಯೇ ಯಾಕೆ

100 ಗ್ರಾಂ ಒಣ ಹುರಳಿಯಲ್ಲಿ ಹೆಚ್ಚುಕಡಿಮೆ 22 ಗ್ರಾಂ ಪ್ರೋಟೀನ್ ಇರುತ್ತದೆ, ಕೊಬ್ಬು 1 ಗ್ರಾಂಗಿಂತಲೂ ಕಡಿಮೆ. ಕಬ್ಬಿಣಾಂಶ, ಕ್ಯಾಲ್ಸಿಯಂ, ನಾರು ಎಲ್ಲವೂ ಚೆನ್ನಾಗಿವೆ. ಮಳೆ ಕೈಕೊಟ್ಟ ವರ್ಷವೂ ಕೆಂಪು ಮಣ್ಣಿನ ಬಡ ಹೊಲದಲ್ಲಿ ಅಷ್ಟೋ ಇಷ್ಟೋ ಕೈಗೆ ಬರುವ ಕಾಳು ಇದು. ಅದಕ್ಕೇ ಇದು ಬಡವರ ಕಾಳು, ಎತ್ತಿನ ಮೇವು ಎಂದು ಹೆಸರು ಕೆಡಿಸಿಕೊಂಡಿದೆ. ಎತ್ತಿಗೆ ಹಾಕುತ್ತಿದ್ದದ್ದೂ ದುಡಿಯುವ ಶಕ್ತಿ ಬರಲಿ ಎಂದೇ.

ಹುರಳಿ ಉಷ್ಣ, ಚಳಿಗೆ ಒಳ್ಳೆಯದು ಎನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ಇದಕ್ಕೆ ಒಂದು ಮಟ್ಟಿಗೆ ಆಧಾರವೂ ಇದೆ. ತಿಂದ ಆಹಾರವನ್ನು ಅರಗಿಸಲು ದೇಹ ಶಕ್ತಿ ಖರ್ಚು ಮಾಡುತ್ತದೆ, ಅದು ಶಾಖವಾಗಿ ಹೊರಬೀಳುತ್ತದೆ. ಹಿಟ್ಟಿನ ಪದಾರ್ಥ ಅರಗುವಾಗ ಅದರ ಶಕ್ತಿಯ ಶೇ. 5ರಿಂದ 10 ಹೀಗೆ ಖರ್ಚಾದರೆ, ಪ್ರೋಟೀನ್ ಅರಗುವಾಗ ಶೇ. 20ರಿಂದ 30ರಷ್ಟು ಖರ್ಚಾಗುತ್ತದೆ. ಅದರ ಮೇಲೆ ಬಿಸಿ ಬಿಸಿ ಸಾರು, ಖಾರ, ಬೆಳ್ಳುಳ್ಳಿ. ಉಂಡ ಮೇಲೆ ಮೈ ಬೆಚ್ಚಗಾದಂತೆ ಅನ್ನಿಸುವುದು ಸಹಜ. ಆದರೆ ಇದರಿಂದ ನೆಗಡಿ, ಜ್ವರ ಬರುವುದೇ ಇಲ್ಲ ಅಂತೇನೂ ಇಲ್ಲ.

ಕಾಳು ಮೆತ್ತಗಾಗುವುದು ಹೇಗೆ, ಆಗದಿರುವುದು ಯಾಕೆ

ಕಾಳಿನೊಳಗೆ ಪಿಷ್ಟ ಮತ್ತು ಪ್ರೋಟೀನ್ ತುಂಬಿದ ಕಣ್ಣಿಗೆ ಕಾಣದಷ್ಟು ಸಣ್ಣ ಕೋಶಗಳಿವೆ. ಅವುಗಳನ್ನು ಒಂದಕ್ಕೊಂದು ಕಚ್ಚಿ ಹಿಡಿಸುವ ಪದಾರ್ಥಕ್ಕೆ ಪೆಕ್ಟಿನ್ ಎನ್ನುತ್ತಾರೆ. ಇಟ್ಟಿಗೆ ಗೋಡೆಯಲ್ಲಿ ಗಾರೆ ಮಾಡುವ ಕೆಲಸ ಇದರದ್ದು. ಕಾಳು ಬೇಯಿತು ಎನ್ನಬೇಕಾದರೆ ಎರಡು ಕೆಲಸ ಆಗಿರಬೇಕು. ಒಳಗಿನ ಪಿಷ್ಟ ನೀರು ಕುಡಿದು ಉಬ್ಬಬೇಕು, ಪೆಕ್ಟಿನ್ ಕರಗಿ ಕೋಶಗಳು ಬಿಡಿಬಿಡಿಯಾಗಬೇಕು. ನೀರು ಬಿಸಿಯಾದರೆ ಮೊದಲನೆಯದು ಹೇಗೂ ಆಗುತ್ತದೆ. ತಡವಾಗುವುದು, ಕೆಲವೊಮ್ಮೆ ಆಗದೇ ಹೋಗುವುದು ಎರಡನೆಯದು. ಅದಕ್ಕೆ ಅಡ್ಡ ಬರುವವು ಮೂರು: ಗಡಸು ನೀರು, ಹಳೆಯ ಕಾಳು, ಹುಳಿ.

ಮೊದಲು ನೀರು. ತುಂಗಭದ್ರಾ ನೀರು ನಲ್ಲಿಗೆ ಬರುವ ಊರಲ್ಲಿ ಬೇಯುವ ಅದೇ ಹುರಳಿ, ಬೋರ್‌ವೆಲ್ ನೀರಿನ ಊರಲ್ಲಿ ಬೇಯುವುದಿಲ್ಲ. ಕೊಳವೆಬಾವಿ ನೀರಿನಲ್ಲಿ ಸಾಮಾನ್ಯವಾಗಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ಇವು ಪೆಕ್ಟಿನ್ ಜೊತೆ ಸೇರಿ ಅದನ್ನು ಇನ್ನಷ್ಟು ಬಿಗಿ ಮಾಡುತ್ತವೆ. ನಿಮ್ಮ ನೀರು ಗಡಸೋ ಅಲ್ಲವೋ ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಸೋಪು ತಿಕ್ಕಿದರೆ ನೊರೆ ಬಾರದೆ ಜಿಗುಟಾಗುತ್ತದೆಯೇ? ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕೂತಿದೆಯೇ? ಹಾಗಿದ್ದರೆ ಆ ನೀರು ಹುರಳಿಗೆ ಆಗಿಬರುವುದಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ನೀರನ್ನು ನೆನೆಸಲೂ ಬೇಯಿಸಲೂ ಬಳಸಿ. ಒಂದು ಹೊತ್ತಿನ ಸಾರಿಗೆ ಎರಡೂವರೆ, ಮೂರು ಲೀಟರ್ ಸಾಕು. ನೀರನ್ನು ಕುದಿಸಿ, ಆರಿಸಿ, ಮೇಲಿನ ತಿಳಿ ಬಸಿದುಕೊಂಡರೂ ಗಡಸುತನ ಸ್ವಲ್ಪ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ.

ಇದೇ ಮಾತಿಗೆ ಹೊಂದಿಕೊಂಡ ಇನ್ನೊಂದು ವಿಷಯ. ಈ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಗಂಟೆಗಟ್ಟಲೆ ಕುದಿಯುವ ಸಾರಿಗಂತೂ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಕುಡಿಯಲು ಮಾತ್ರ ಕ್ಯಾನಿನ ನೀರು, ಅಡುಗೆಗೆ ಬೋರಿನ ನೀರು ಎನ್ನುವ ರೂಢಿ ಇಲ್ಲಿ ತಪ್ಪು ಲೆಕ್ಕ.

ಎರಡನೆಯದು ಕಾಳಿನ ವಯಸ್ಸು. ಬಿಸಿಲಿಗೆ ಕಾಯ್ದ ಕೋಣೆಯಲ್ಲಿ, ಮಳೆಗಾಲದ ತೇವದಲ್ಲಿ ವರ್ಷಗಟ್ಟಲೆ ಬಿದ್ದ ಕಾಳಿನೊಳಗಿನ ಪೆಕ್ಟಿನ್ ಕರಗದ ಸ್ಥಿತಿಗೆ ಬಂದಿರುತ್ತದೆ. ಅಂಥ ಕಾಳನ್ನು ಎಷ್ಟು ನೆನೆಸಿದರೂ, ಎಷ್ಟು ಬೇಯಿಸಿದರೂ ನಡುವೆ ಒಂದು ಗಟ್ಟಿ ಚುಕ್ಕೆ ಉಳಿದೇ ಉಳಿಯುತ್ತದೆ. ಕಿರಾಣಿ ಅಂಗಡಿಯಲ್ಲಿ ಕೊಳ್ಳುವಾಗ ಒಂದು ಹಿಡಿ ಅಂಗೈಯಲ್ಲಿ ಹರಡಿ ನೋಡಿ. ಬಣ್ಣ ಒಂದೇ ಸಮ ಇರಬೇಕು, ಸಿಪ್ಪೆ ಸುಕ್ಕುಗಟ್ಟಿರಬಾರದು, ತೂತು ಬಿದ್ದ ಕಾಳು ಕಾಣಬಾರದು. ಹಳೆಯ ಕಾಳನ್ನೂ ಹೊಸ ಕಾಳನ್ನೂ ಬೆರೆಸಬೇಡಿ. ಒಂದು ನುಣ್ಣಗಾಗುವ ಹೊತ್ತಿಗೆ ಇನ್ನೊಂದು ಅರ್ಧ ಬೆಂದಿರುತ್ತದೆ.

ಮೂರನೆಯದು ಹುಳಿ. ಹುಳಿ ಬಿದ್ದ ಕೂಡಲೇ ಪೆಕ್ಟಿನ್ ಕರಗುವುದು ತೀರಾ ನಿಧಾನವಾಗುತ್ತದೆ. ಹುಣಸೆಹಣ್ಣು ಕೊನೆಗೆ ಹಾಕಬೇಕು ಎನ್ನುವುದು ಎಲ್ಲರಿಗೂ ಗೊತ್ತು. ಮೋಸ ಹೋಗುವುದು ಟೊಮೆಟೊ ಮತ್ತು ಪುಂಡಿಪಲ್ಯದಲ್ಲಿ. ಪುಂಡಿ ಸೊಪ್ಪು ಅಂತ ಕಾಳಿನ ಜೊತೆಗೇ ಕುಕ್ಕರಿಗೆ ಹಾಕಿಬಿಡುತ್ತಾರೆ. ಅದು ಸೊಪ್ಪಿನ ವೇಷದಲ್ಲಿರುವ ಹುಳಿ. ಬೇಯದ ಹುರಳಿಗೆ ಎಷ್ಟೋ ಸಲ ಅದೊಂದೇ ಕಾರಣ.

ನೆನೆಸುವಾಗ ಉಪ್ಪು

ಕಾಳಿಗೆ ಮೊದಲೇ ಉಪ್ಪು ಹಾಕಿದರೆ ಬೇಯುವುದಿಲ್ಲ ಎನ್ನುವ ಮಾತು ಹಳೆಯದು. ಆದರೆ ನೆನೆಸುವ ನೀರಿನ ವಿಷಯದಲ್ಲಿ ಅದು ತಿರುವುಮುರುವು. ಉಪ್ಪಿನಲ್ಲಿರುವ ಸೋಡಿಯಂ, ಸಿಪ್ಪೆಯಲ್ಲಿರುವ ಕ್ಯಾಲ್ಸಿಯಂ ಜಾಗವನ್ನು ಹಿಡಿಯುತ್ತದೆ. ಬಿಗಿ ಸಡಿಲುತ್ತದೆ, ಸಿಪ್ಪೆ ಮೆತ್ತಗಾಗುತ್ತದೆ. 200 ಗ್ರಾಂ ಹುರಳಿಗೆ 1 ಲೀಟರ್ ನೀರು, ಎರಡು ಟೀ ಚಮಚ ಉಪ್ಪು. ಹುರಳಿಯಲ್ಲಿ ಕಲ್ಲು, ಮಣ್ಣಿನ ಹೆಂಟೆ ಬೇರೆ ಕಾಳಿಗಿಂತ ಜಾಸ್ತಿ, ಬಣ್ಣವೂ ಅದರದ್ದೇ. ಮೊರದಲ್ಲಿ ಕೇರಿ, ಬಿಳಿ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಸಲ ಗಾಲಿಸಿ ತೊಳೆದು ನೆನೆಹಾಕಿ. ರಾತ್ರಿ ನೆನೆಹಾಕಿದರೆ ಬೆಳಿಗ್ಗೆಗೆ ತೂಕ ಹೆಚ್ಚುಕಡಿಮೆ ಇಮ್ಮಡಿಯಾಗಿರುತ್ತದೆ. ಚಳಿಗಾಲದ ತಣ್ಣೀರಿನಲ್ಲಿ ಕಾಳು ನೀರು ಕುಡಿಯುವುದು ನಿಧಾನ, 10ರಿಂದ 12 ಗಂಟೆ ಕೊಡಿ. ಅಷ್ಟು ಹೊತ್ತಿಲ್ಲದಿದ್ದರೆ ಕುದಿಯುವ ನೀರು ಸುರಿದು ಮುಚ್ಚಿಟ್ಟರೆ ಎರಡೂವರೆ, ಮೂರು ಗಂಟೆಯಲ್ಲಿ ಕೆಲಸ ನಡೆಯುತ್ತದೆ. ಆದರೆ ಎಲ್ಲ ಕಾಳೂ ಒಂದೇ ಸಮ ನೆನೆಯುವುದಿಲ್ಲ.

ನೆನೆದ ಮೇಲೂ ಉಬ್ಬದೆ ಸಣ್ಣಗೆ, ಗಟ್ಟಿಯಾಗಿ ತಳದಲ್ಲಿ ಉಳಿದ ಕಾಳನ್ನು ಆರಿಸಿ ತೆಗೆಯಿರಿ. ಅವು ಕುಕ್ಕರಿನಲ್ಲೂ ಬೇಯುವುದಿಲ್ಲ.

ನೆನೆಸಿದ ನೀರನ್ನು ಚೆಲ್ಲಬೇಕು, ಕಾಳನ್ನು ಒಮ್ಮೆ ತೊಳೆಯಬೇಕು. ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ಒಂದು ಬಗೆಯ ಸಕ್ಕರೆ ಕಾಳುಗಳಲ್ಲಿದೆ. ಅದು ನಮ್ಮ ಸಣ್ಣ ಕರುಳಿನಲ್ಲಿ ಅರಗದೆ ಮುಂದೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗಿ ಗ್ಯಾಸ್ ಆಗುತ್ತದೆ. ನೆನೆಸಿದ ನೀರಿನ ಜೊತೆ ಅದರ ಒಂದು ಪಾಲು ಹೊರಹೋಗುತ್ತದೆ. ನೀರಿನಲ್ಲಿ ಕರಗುವ ಜೀವಸತ್ವವೂ ಸ್ವಲ್ಪ ಹೋಗುತ್ತದೆ ನಿಜ, ಆದರೆ ಮಕ್ಕಳು, ವಯಸ್ಸಾದವರು ಉಣ್ಣುವ ಮನೆಯಲ್ಲಿ ಚೆಲ್ಲುವುದೇ ಮೇಲು. ಒಂದು ದಿನ ಮೊಳಕೆ ಕಟ್ಟಿದರೆ ಅರಗುವುದು ಇನ್ನೂ ಸುಲಭ, ಬೇಯುವ ಹೊತ್ತೂ ಕಡಿಮೆ. ಆದರೆ ಮೊಳಕೆ ಕಾಳಿನ ಸಾರಿಗೆ ಸ್ವಲ್ಪ ಸಿಹಿ ಬರುತ್ತದೆ, ಮಂದ ಕಡಿಮೆ.

ಸೋಡಾ ಹಾಕಬಹುದೇ? ಹಾಕಿದರೆ ಬೇಗ ಬೇಯುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಅಡುಗೆ ಸೋಡಾ ಬಿ1 ಜೀವಸತ್ವವನ್ನು ಹಾಳುಮಾಡುತ್ತದೆ, ತುಸು ಹೆಚ್ಚಾದರೂ ಸಾರಿಗೆ ಸಾಬೂನಿನ ರುಚಿ. ಬೇರೆ ನೀರು ಸಿಗುವುದೇ ಇಲ್ಲ, ಕಾಳೂ ಹಳೆಯದು ಎಂದಾಗ ಮಾತ್ರ ಎರಡು ಬೆರಳಲ್ಲಿ ಹಿಡಿಯುವಷ್ಟು ಹಾಕಿ.

ಏನೇನು, ಎಷ್ಟೆಷ್ಟು

ನಾಲ್ಕೈದು ಮಂದಿಗೆ ಸಾಲುವ ಅಳತೆ ಇದು. ಹುರಳಿ 200 ಗ್ರಾಂ, ಸುಲಿದ ಹಸಿ ತೊಗರಿಕಾಳು 150 ಗ್ರಾಂ, ಗಜ್ಜರಿ ಎರಡು, ಸಿಹಿಗುಂಬಳ 150 ಗ್ರಾಂ, ಸಣ್ಣ ಬದನೆಕಾಯಿ ನಾಲ್ಕು, ಹೆಚ್ಚಿದ ಮೆಂತ್ಯ ಸೊಪ್ಪು ಎರಡು ಹಿಡಿ. ಉಳ್ಳಾಗಡ್ಡಿ ದೊಡ್ಡದು ಎರಡು, ಬೆಳ್ಳುಳ್ಳಿ ಹತ್ತು ಹನ್ನೆರಡು ಎಸಳು, ಒಂದು ಇಂಚು ಹಸಿಶುಂಠಿ. ಹುಣಸೆಹಣ್ಣು 20 ಗ್ರಾಂ, ಅಂದರೆ ಸಣ್ಣ ನಿಂಬೆಹಣ್ಣಿನಷ್ಟು, ಅರ್ಧ ಲೋಟ ಬಿಸಿನೀರಲ್ಲಿ ನೆನೆಸಿ ಕಿವುಚಿದ್ದು. ಜೋಳದ ಹಿಟ್ಟು ಎರಡು ದೊಡ್ಡ ಚಮಚ, ಹುರಿದು ಕುಟ್ಟಿದ ಶೇಂಗಾ ಪುಡಿ ಮೂರು ದೊಡ್ಡ ಚಮಚ. ಬ್ಯಾಡಗಿ ಖಾರದ ಪುಡಿ ಎರಡು ಟೀ ಚಮಚ, ಗುಂಟೂರು ಖಾರ ಅರ್ಧ. ಧನಿಯಾ ಪುಡಿ ಎರಡು ಟೀ ಚಮಚ, ಜೀರಿಗೆ ಒಂದು, ಸಾಸಿವೆ ಅರ್ಧ, ಅರಿಶಿನ ಕಾಲು, ಚಿಟಿಕೆ ಇಂಗು, ಕರಿಬೇವು. ಶೇಂಗಾ ಎಣ್ಣೆ ಮೂರು ದೊಡ್ಡ ಚಮಚ. ಉಪ್ಪು ಎರಡು ಟೀ ಚಮಚದಿಂದ ಶುರು ಮಾಡಿ ಕೊನೆಗೆ ರುಚಿ ನೋಡಿ. ನೆನೆಸುವಾಗಲೇ ಕಾಳು ಸ್ವಲ್ಪ ಉಪ್ಪು ಕುಡಿದಿರುತ್ತದೆ ಎನ್ನುವುದು ನೆನಪಿರಲಿ.

ಹಸಿ ತೊಗರಿ ಸಿಗದಿದ್ದರೆ ಹಸಿ ಕಡಲೆ, ಅವರೆ, ಬಟಾಣಿ ಯಾವುದಾದರೂ ನಡೆಯುತ್ತದೆ. ಗೆಣಸು ಹಾಕುವುದಾದರೆ ಕುಂಬಳ ಬೇಡ, ಎರಡೂ ಸೇರಿದರೆ ಸಾರು ಸಿಹಿಯಾಗುತ್ತದೆ.

ಸೀಟಿ ಎಣಿಸಬೇಡಿ, ಗಡಿಯಾರ ನೋಡಿ

ತೆರೆದ ಪಾತ್ರೆಯಲ್ಲಿ ನೀರು 100 ಡಿಗ್ರಿಯ ಆಸುಪಾಸಿಗೆ ಬಂದು ನಿಂತುಬಿಡುತ್ತದೆ, ಎಷ್ಟೇ ಉರಿ ಕೊಟ್ಟರೂ ಅದರ ಮೇಲೆ ಏರುವುದಿಲ್ಲ. ಕುಕ್ಕರಿನಲ್ಲಿ ಆವಿ ಒತ್ತಡ ಕಟ್ಟುವುದರಿಂದ ಅದು 120 ಡಿಗ್ರಿಯವರೆಗೂ ಹೋಗುತ್ತದೆ. ಆ 20 ಡಿಗ್ರಿಯಿಂದಲೇ ಬೇಯುವ ಹೊತ್ತು ಮೂರನೇ ಒಂದಕ್ಕೋ ಅದಕ್ಕೂ ಕೆಳಗೋ ಇಳಿಯುವುದು. ಸೀಟಿ ಅಂದರೆ ಹೆಚ್ಚಾದ ಆವಿ ಹೊರಬಿದ್ದ ಸದ್ದು, ಅಷ್ಟೇ. ದೊಡ್ಡ ಉರಿಯಲ್ಲಿ ಹತ್ತು ನಿಮಿಷಕ್ಕೇ ಎಂಟು ಸೀಟಿ ಹೊಡೆಯಬಹುದು, ಸಣ್ಣ ಉರಿಯಲ್ಲಿ ಅರ್ಧ ಗಂಟೆಗೆ ಎರಡೇ ಹೊಡೆಯಬಹುದು. ಇವೆರಡರಲ್ಲಿ ಚೆನ್ನಾಗಿ ಬೆಂದಿರುವುದು ಎರಡು ಸೀಟಿಯ ಕಾಳು.

ನೆನೆದ ಹುರಳಿಗೆ 1 ಲೀಟರ್ ನೀರು, ಅರಿಶಿನ, ಒಂದು ಚಮಚ ಎಣ್ಣೆ ಹಾಕಿ. ಎಣ್ಣೆ ನೊರೆಯನ್ನು ಅಡಗಿಸುತ್ತದೆ. ಕುಕ್ಕರ್ ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ಕಾಳಿನ ನೊರೆ, ಸಿಪ್ಪೆ ಮೇಲೆದ್ದು ಆವಿ ಹೋಗುವ ತೂತಿಗೆ ಸಿಕ್ಕಿಕೊಂಡರೆ ಅಪಾಯ. 5 ಲೀಟರ್ ಕುಕ್ಕರಾದರೆ ಧಾರಾಳ ಜಾಗ. ಮೊದಲ ಸೀಟಿ ಬಂದ ಕೂಡಲೇ ಉರಿ ಪೂರ್ತಿ ಸಣ್ಣ ಮಾಡಿ, ಅಲ್ಲಿಂದ 20ರಿಂದ 25 ನಿಮಿಷ. ಆಮೇಲೆ ಒಲೆ ಆರಿಸಿ, ಒತ್ತಡ ತಾನಾಗಿ ಇಳಿಯಲು ಬಿಡಿ. ಆ ಹತ್ತು ಹದಿನೈದು ನಿಮಿಷವೂ ಕಾಳು ಬೇಯುತ್ತಲೇ ಇರುತ್ತದೆ. ಅವಸರಕ್ಕೆ ಸೀಟಿ ಎತ್ತಿ ಆವಿ ಬಿಟ್ಟರೆ ಒಳಗಿನ ನೀರು ಒಮ್ಮೆಲೇ ಉಕ್ಕುತ್ತದೆ, ಸಿಪ್ಪೆ ಬಿರಿದು ಕಾಳು ಚೂರಾಗುತ್ತದೆ.

ಒಂದು ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಇಟ್ಟು ಒತ್ತಿ ನೋಡಿ. ಒಂದೇ ಸಮ ಹಿಸುಕಿ ಬೆಣ್ಣೆಯಷ್ಟು ನಯವಾಗಬೇಕು. ನಡುವೆ ಸುಣ್ಣದ ಚುಕ್ಕೆಯಂತೆ ಬಿಳಿ ಕಂಡರೆ ಇನ್ನೂ ಎಂಟು ಹತ್ತು ನಿಮಿಷ ಬೇಕು. ಒಂದೇ ಕಾಳು ನೋಡಿ ತೀರ್ಮಾನಿಸಬೇಡಿ, ನಾಲ್ಕೈದು ನೋಡಿ. ಕಟ್ಟು ಬಸಿದು ಬೇರೆ ಇಡಿ, ಚೆಲ್ಲಬೇಡಿ. ಸಾರಿನ ಜೀವ ಇರುವುದು ಅದರಲ್ಲೇ.

ಪಾತ್ರೆಗೆ ಬೀಳುವ ಕ್ರಮ

ದಪ್ಪ ತಳದ ಸ್ಟೀಲ್ ಪಾತ್ರೆ ಅಥವಾ ಮಣ್ಣಿನ ಗಡಿಗೆ ತೆಗೆದುಕೊಳ್ಳಿ. ಅಲ್ಯೂಮಿನಿಯಂ ಬೇಡ, ಹುಳಿ ಕುದಿಯುವಾಗ ಅದರ ಅಂಶ ಸಾರಿಗಿಳಿಯುತ್ತದೆ. ಎಣ್ಣೆ ಕಾದ ಮೇಲೆ ಸಾಸಿವೆ, ಅದು ಸಿಡಿದ ಮೇಲೆ ಜೀರಿಗೆ, ಇಂಗು, ಕರಿಬೇವು. ಉಳ್ಳಾಗಡ್ಡಿಗೆ ಚಿಟಿಕೆ ಉಪ್ಪು ಉದುರಿಸಿ ನಡು ಉರಿಯಲ್ಲಿ ಹತ್ತು ನಿಮಿಷ ಹುರಿಯಿರಿ. ಉಪ್ಪು ಅದರ ನೀರನ್ನು ಹೊರಗೆಳೆಯುತ್ತದೆ, ಬೇಗ ಮೆತ್ತಗಾಗುತ್ತದೆ. ಅಂಚು ಕಂದು ತಿರುಗುವವರೆಗೂ ಹುರಿಯುವುದನ್ನು ನಿಲ್ಲಿಸಬೇಡಿ. ಈ ಹತ್ತು ನಿಮಿಷವನ್ನು ಮೂರಕ್ಕೆ ಇಳಿಸಿದವರ ಸಾರು ಕೊನೆಯವರೆಗೂ ಹಸಿ ಉಳ್ಳಾಗಡ್ಡಿ ವಾಸನೆ ಹೊಡೆಯುತ್ತದೆ. ಜಜ್ಜಿದ ಬೆಳ್ಳುಳ್ಳಿ, ಶುಂಠಿ ಹಾಕುವುದು ಉಳ್ಳಾಗಡ್ಡಿ ಆದ ಮೇಲೆ. ಮೊದಲೇ ಹಾಕಿದರೆ ಸೀದು ಕಹಿಯಾಗುತ್ತದೆ.

ಈಗ ಉರಿ ಆರಿಸಿ. ಖಾರದ ಪುಡಿ, ಧನಿಯಾ ಪುಡಿ ಹಾಕಿ ಎರಡು ಸುತ್ತು ತಿರುವಿ, ಕೂಡಲೇ ಒಂದು ಸೌಟು ಕಟ್ಟು ಸುರಿಯಿರಿ. ಮೆಣಸಿನಕಾಯಿಯ ಕೆಂಪು ಬಣ್ಣವೂ ಖಾರವೂ ಬಿಡುವುದು ಎಣ್ಣೆಗೆ, ನೀರಿಗಲ್ಲ. ಅದಕ್ಕೇ ಪುಡಿಯನ್ನು ಎಣ್ಣೆಗೇ ಹಾಕಬೇಕು. ಆದರೆ ಕಾದ ಎಣ್ಣೆಯಲ್ಲಿ ಅದು ಕ್ಷಣದಲ್ಲಿ ಕರಿದು ಕಪ್ಪಾಗುತ್ತದೆ, ಅದಕ್ಕೇ ಉರಿ ಆರಿಸಬೇಕು. ಸರಿಯಾಗಿ ಮಾಡಿದ್ದರೆ ಎಣ್ಣೆ ಬದಿಗೆ ಸರಿದು ಕೆಂಪಗೆ ಹೊಳೆಯುತ್ತದೆ. ಬ್ಯಾಡಗಿಯ ಕೆಲಸ ಬಣ್ಣ, ಗುಂಟೂರಿನ ಕೆಲಸ ಖಾರ. ಮನೆಯವರ ನಾಲಿಗೆ ನೋಡಿಕೊಂಡು ಎರಡರ ಪ್ರಮಾಣ ಹಿಂದುಮುಂದು ಮಾಡಬಹುದು.

ಮತ್ತೆ ಉರಿ ಹಚ್ಚಿ ಉಳಿದ ಕಟ್ಟು, ಎರಡು ಮೂರು ಲೋಟ ಬಿಸಿನೀರು ಹಾಕಿ. ಕುದಿ ಬಂದ ಮೇಲೆ ಗಜ್ಜರಿ, ಹಸಿ ತೊಗರಿಕಾಳು. ಇವಕ್ಕೆ ಹತ್ತು ಹನ್ನೆರಡು ನಿಮಿಷ ಬೇಕು. ಅಷ್ಟಾದ ಮೇಲೆ ಬದನೆಕಾಯಿ, ಬೆಂದ ಹುರಳಿ. ಹುರಳಿ ಹಾಕುವ ಮುಂಚೆ ಅದರಲ್ಲಿ ಕಾಲು ಭಾಗವನ್ನು ಬೇರೆ ತೆಗೆದು ನುಣ್ಣಗೆ ಅರೆದಿಟ್ಟುಕೊಳ್ಳಿ, ಒರಳಿನಲ್ಲಾದರೂ ಸರಿ, ಮಿಕ್ಸಿಯಲ್ಲಾದರೂ ಸರಿ. ಆರೇಳು ನಿಮಿಷಕ್ಕೆ ಬದನೆ ಬಗ್ಗುತ್ತದೆ. ಆಗ ಅರೆದ ಹುರಳಿ, ನೀರಲ್ಲಿ ಕದಡಿದ ಜೋಳದ ಹಿಟ್ಟು, ಉಪ್ಪು. ಹುಣಸೆ ರಸ, ಕುಂಬಳದ ಹೋಳು ಆಮೇಲೆ.

ಕುಂಬಳ ಯಾಕೆ ಹುಣಸೆಯ ಜೊತೆಗೆ? ಹುಳಿ ಕಾಳನ್ನಷ್ಟೇ ಅಲ್ಲ, ತರಕಾರಿಯನ್ನೂ ಬೇಗ ಮೆತ್ತಗಾಗಲು ಬಿಡುವುದಿಲ್ಲ. ಬೇಗ ಕರಗಿಹೋಗುವ ಕುಂಬಳಕ್ಕೆ ಅದೇ ಅನುಕೂಲ, ಹೋಳು ಹೋಳಾಗಿಯೇ ಉಳಿಯುತ್ತದೆ. ಗಜ್ಜರಿಯನ್ನು ಹಾಗೆ ಹುಳಿಯ ಜೊತೆ ಹಾಕಿದರೆ ಉಣ್ಣುವಾಗಲೂ ಕಟಕಟ ಎನ್ನುತ್ತದೆ. ಹುಣಸೆ ಬಿದ್ದ ಮೇಲೆ ಎಂಟು ನಿಮಿಷ ಸಣ್ಣ ಉರಿ, ಹಸಿ ವಾಸನೆ ಹೋಗುವವರೆಗೆ. ಕೊನೆಯ ಮೂರು ನಿಮಿಷಕ್ಕೆ ಮೆಂತ್ಯ ಸೊಪ್ಪು, ಶೇಂಗಾ ಪುಡಿ. ಶೇಂಗಾ ಪುಡಿ ಮುಂಚೆಯೇ ಬಿದ್ದರೆ ತಳಕ್ಕಿಳಿದು ಹತ್ತುತ್ತದೆ. ಪುಂಡಿಪಲ್ಯ ಹಾಕುವ ಆಸೆ ಇದ್ದರೆ ಅದರ ಜಾಗ ಹುಣಸೆಯ ಜಾಗವೇ. ಆಗ ಹುಣಸೆಯನ್ನು ಅರ್ಧಕ್ಕಿಂತ ಕಡಿಮೆ ಮಾಡಿ.

ಮಂದ ಬರುವುದು ಎಲ್ಲಿಂದ

ಮುಕ್ಕಾಲು ಪಾಲು ಮಂದ ಅರೆದ ಹುರಳಿಯಿಂದ ಬರಬೇಕು, ಹಿಟ್ಟಿನಿಂದ ಅಲ್ಲ. ಜೋಳದ ಹಿಟ್ಟಿನ ಕೆಲಸ ನೀರನ್ನೂ ಕಾಳನ್ನೂ ಕೂಡಿಸುವುದಷ್ಟೇ. ಹಿಟ್ಟಿನೊಳಗಿನ ಪಿಷ್ಟದ ಕಣಗಳು 70 ಡಿಗ್ರಿಯ ಆಸುಪಾಸಿನಲ್ಲಿ ನೀರು ಕುಡಿದು ಉಬ್ಬತೊಡಗುತ್ತವೆ. ಒಣ ಹಿಟ್ಟನ್ನು ಕುದಿಯುವ ಸಾರಿಗೆ ಉದುರಿಸಿದರೆ ಹೊರಗಿನ ಕಣಗಳು ತಕ್ಷಣ ಉಬ್ಬಿ ಅಂಟಾಗುತ್ತವೆ, ಒಳಗಿನ ಹಿಟ್ಟಿಗೆ ನೀರೇ ತಲುಪುವುದಿಲ್ಲ. ಗಂಟು ಹುಟ್ಟುವುದು ಹೀಗೆ. ಅರ್ಧ ಲೋಟ ತಣ್ಣೀರಲ್ಲಿ ಪೂರ್ತಿ ಕದಡಿ, ಒಂದು ಕೈಯಲ್ಲಿ ಸುರಿಯುತ್ತ ಇನ್ನೊಂದು ಕೈಯಲ್ಲಿ ತಿರುವಬೇಕು. ಹಿಟ್ಟು ಬಿದ್ದ ಮೇಲೆ ಎಂಟು ನಿಮಿಷವಾದರೂ ಕುದಿಯಬೇಕು, ಇಲ್ಲವಾದರೆ ಹಸಿ ಹಿಟ್ಟಿನ ರುಚಿ ನಾಲಿಗೆಗೆ ಅಂಟುತ್ತದೆ.

ಸಜ್ಜೆ ಹಿಟ್ಟೂ ಆಗುತ್ತದೆ, ಆದರೆ ಹೊಸದಾಗಿ ಬೀಸಿದ್ದೇ ಆಗಬೇಕು. ಸಜ್ಜೆಯಲ್ಲಿ ಎಣ್ಣೆಯಂಶ ಜಾಸ್ತಿ, ಬೀಸಿದ ಕೆಲವೇ ದಿನದಲ್ಲಿ ಹಿಟ್ಟು ಕಹಿ ತಿರುಗುತ್ತದೆ. ಆರಿದಂತೆ ಸಾರು ಇನ್ನೂ ಗಟ್ಟಿಯಾಗುವುದರಿಂದ ನಿಮಗೆ ಬೇಕಾದ ಹದಕ್ಕಿಂತ ಒಂದು ಗುಟುಕು ತೆಳುವಿರುವಾಗಲೇ ಇಳಿಸಿ.

ಕೆಟ್ಟರೆ ಏನು ಮಾಡುವುದು

ತಳ ಹತ್ತಿದ ವಾಸನೆ ಬಂದ ಕೂಡಲೇ ಸೌಟು ಆಡಿಸುವುದನ್ನು ನಿಲ್ಲಿಸಿ. ಮೇಲಿನ ಸಾರನ್ನು ಬೇರೆ ಪಾತ್ರೆಗೆ ಬಸಿಯಿರಿ, ತಳ ಕೆರೆಯಬೇಡಿ. ಸೀದದ್ದು ತಳದಲ್ಲೇ ಉಳಿದರೆ ಮುಕ್ಕಾಲು ಸಾರು ಬದುಕುತ್ತದೆ. ಉಪ್ಪು ಜಾಸ್ತಿಯಾದರೆ ಆಲೂಗಡ್ಡೆ ಹಾಕಿ ತೆಗೆಯುವ ಉಪಾಯದಿಂದ ಏನೂ ಆಗುವುದಿಲ್ಲ. ಆಲೂಗಡ್ಡೆ ಉಪ್ಪುನೀರನ್ನು ಕುಡಿಯುತ್ತದೆಯೇ ಹೊರತು ಉಪ್ಪನ್ನಷ್ಟೇ ಆರಿಸಿ ಹೀರುವುದಿಲ್ಲ. ನೀರು, ಬೆಂದ ಕಾಳು ಹೆಚ್ಚಿಸುವುದೊಂದೇ ದಾರಿ. ಹುಳಿ ಜಾಸ್ತಿಯಾದರೂ ಇದೇ ಮದ್ದು. ಬೆಲ್ಲ ಹುಳಿಯನ್ನು ಮರೆಮಾಚುತ್ತದೆ, ಕಡಿಮೆ ಮಾಡುವುದಿಲ್ಲ. ಸಾರು ತೆಳುವಾಯಿತೆಂದು ಇನ್ನಷ್ಟು ಹಿಟ್ಟು ಕದಡುವ ಬದಲು ಮುಚ್ಚಳ ತೆಗೆದು ಹತ್ತು ನಿಮಿಷ ಕುದಿಸಿ, ಒಂದು ಸೌಟು ಕಾಳನ್ನು ಪಾತ್ರೆಯ ಬದಿಗೇ ಒತ್ತಿ ಹಿಸುಕಿ.

ಹುಣಸೆ ಹಾಕಿದ ಮೇಲೆ ಕಾಳು ಬೆಂದಿಲ್ಲ ಎಂದು ಗೊತ್ತಾದರೆ? ಮತ್ತೆ ಕುಕ್ಕರಿಗೆ ಹಾಕಿ 20 ನಿಮಿಷ ಇಟ್ಟರೆ ಅಷ್ಟಿಷ್ಟು ಮೆತ್ತಗಾಗಬಹುದು, ತರಕಾರಿ ಮಾತ್ರ ಗುರುತು ಸಿಗದಷ್ಟು ಕರಗಿರುತ್ತದೆ. ಎಲ್ಲವನ್ನೂ ಅರೆದು ಗಟ್ಟಿ ಕಟ್ಟಿನ ಸಾರು ಮಾಡಿಬಿಡುವುದು ಜಾಣತನ.

ಎಲುಬು ಹಾಕುವ ಮನೆಗಳಲ್ಲಿ

ಕುರಿ, ಮೇಕೆಯ ಕಾಲು ಅಥವಾ ಎಲುಬಿರುವ ಮಟನ್ 400 ಗ್ರಾಂ ಸೇರಿಸಬಹುದು. ಆದರೆ ಹುರಳಿಯ ಜೊತೆ ಒಂದೇ ಕುಕ್ಕರಿನಲ್ಲಿ ಬೇಡ, ಎರಡರ ಹೊತ್ತೂ ಬೇರೆ. ಕೀಲು, ಚರ್ಮ, ನರಗಳಲ್ಲಿರುವ ಕೊಲಾಜೆನ್ ನಿಧಾನವಾದ ಶಾಖಕ್ಕೆ ಜೆಲಟಿನ್ ಆಗಿ ಕರಗುತ್ತದೆ. ತುಟಿಗೆ ಅಂಟುವ ಆ ಜಿಗಿ ಅದರದ್ದೇ. ಕಾಲಿಗೆ ಮೊದಲ ಸೀಟಿಯ ಮೇಲೆ 40ರಿಂದ 45 ನಿಮಿಷ, ಎಳೆಯ ಮಟನ್‌ಗೆ ಅರ್ಧ ಗಂಟೆ. ಬೆಂದ ಎಲುಬಿನ ರಸವನ್ನು ಬಿಸಿನೀರಿನ ಬದಲು ಸಾರಿಗೆ ಹಾಕಿ. ಜೋಳದ ಹಿಟ್ಟು ಆಗ ಒಂದೇ ಚಮಚ ಸಾಕು.

ಜೊತೆಗೆ ಏನು, ಉಳಿದರೆ ಏನು

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಜೋಳದ ನುಚ್ಚು. ಇವುಗಳ ಜೊತೆಗೆ ಹುರಳಿ ಹೊಂದುವುದು ರುಚಿಯಿಂದ ಮಾತ್ರವಲ್ಲ. ಪ್ರೋಟೀನ್ ಕಟ್ಟಲು ಬೇಕಾದ ತುಣುಕುಗಳಲ್ಲಿ ಲೈಸಿನ್ ಎನ್ನುವುದು ಜೋಳ, ಸಜ್ಜೆಯಲ್ಲಿ ಕಡಿಮೆ, ಕಾಳಿನಲ್ಲಿ ಹೇರಳ. ಮೆಥಿಯೊನಿನ್ ಎನ್ನುವುದು ಕಾಳಿನಲ್ಲಿ ಕಡಿಮೆ, ಧಾನ್ಯದಲ್ಲಿ ಸಾಕಷ್ಟು. ರೊಟ್ಟಿ, ಕಾಳು ಕೂಡಿದರೆ ಎರಡರ ಕೊರತೆಯೂ ತುಂಬುತ್ತದೆ. ಬಡಿಸಿದ ಮೇಲೆ ಅರ್ಧ ನಿಂಬೆ ಹಿಂಡಿ, ಅದರ ಸಿ ಜೀವಸತ್ವ ಕಾಳಿನ ಕಬ್ಬಿಣಾಂಶ ಮೈಗೆ ಹಿಡಿಯಲು ನೆರವಾಗುತ್ತದೆ. ಕುದಿಯುವ ಸಾರಿಗೆ ಹಿಂಡಿದರೆ ಆ ಜೀವಸತ್ವ ಶಾಖಕ್ಕೆ ಹಾಳಾಗುತ್ತದೆ. ಉಂಡ ಕೂಡಲೇ ಚಹಾ ಬೇಡ, ಅದು ಕಬ್ಬಿಣಾಂಶಕ್ಕೆ ಅಡ್ಡಗಾಲು. ಒಂದು ಗಂಟೆ ತಡೆಯಿರಿ. ಮೂತ್ರಪಿಂಡದ ತೊಂದರೆಗೆ ವೈದ್ಯರು ಪ್ರೋಟೀನ್, ಪೊಟ್ಯಾಸಿಯಂ ಕಡಿಮೆ ಮಾಡಲು ಹೇಳಿದ್ದರೆ ಅವರನ್ನು ಕೇಳದೆ ಈ ಸಾರು ಬೇಡ.

ಚಳಿಗಾಲ ಅಲ್ಲವೇ, ಹೊರಗಿಟ್ಟರೂ ಕೆಡುವುದಿಲ್ಲ ಎನ್ನುವುದು ಅಪಾಯದ ನಂಬಿಕೆ. ಇಲ್ಲಿ ಚಳಿಗಾಲದ ಮಧ್ಯಾಹ್ನವೂ 30 ಡಿಗ್ರಿಯ ಹತ್ತಿರ ಹೋಗುತ್ತದೆ. ಮಂದ ಸಾರು ತಿಳಿಸಾರಿಗಿಂತ ಬಹಳ ನಿಧಾನವಾಗಿ ಆರುತ್ತದೆ, ನಡುಭಾಗ ಗಂಟೆಗಟ್ಟಲೆ ಉಗುರುಬೆಚ್ಚಗೇ ಇರುತ್ತದೆ. ಬ್ಯಾಕ್ಟೀರಿಯಾ ಬೆಳೆಯಲು ಅಂಥದ್ದೇ ಜಾಗ ಬೇಕು. ಉಳಿದ ಸಾರನ್ನು ಅಗಲವಾದ, ಆಳವಿಲ್ಲದ ಎರಡು ಪಾತ್ರೆಗೆ ಹಂಚಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಿ. ಮಾರನೆಯ ದಿನ ಬೇಕಾದಷ್ಟನ್ನೇ ತೆಗೆದು, ಅರ್ಧ ಲೋಟ ನೀರು ಸೇರಿಸಿ, ನಡುಭಾಗವೂ ಗುಳುಗುಳು ಕುದಿಯುವಂತೆ ಬಿಸಿ ಮಾಡಿ. ಕುದಿಸುವ ಮುಂಚೆಯೇ ಮೇಲೆ ಗುಳ್ಳೆ, ನೊರೆ ಕಂಡರೆ ಅಥವಾ ಹುಣಸೆಯದ್ದಲ್ಲದ ಹುಳಿ ವಾಸನೆ ಬಂದರೆ ರುಚಿ ನೋಡಲೂ ಹೋಗಬೇಡಿ, ಚೆಲ್ಲಿ. ಫ್ರಿಜ್ ಇಲ್ಲದ ಮನೆಯಲ್ಲಿ 120 ಗ್ರಾಂ ಹುರಳಿಗೆ ಅಳತೆ ಇಳಿಸಿ, ಒಂದೇ ಹೊತ್ತಿಗೆ ಮುಗಿಯುವಷ್ಟು ಮಾಡಿಕೊಳ್ಳುವುದು ಸರಿ.